ಹಿಮದ ಹಾಡಿನ ಗಾಯಕ ಫೇ ಯು-ಚಿಂಗ್: ಹಾಡು, ನಿರೂಪಣೆ, ನಿವೃತ್ತಿ

ಪ್ರಶ್ನೆ: 2020ರ ಲಾಕ್‌ಡೌನ್ ಸಮಯದಲ್ಲಿ, ಬೋಳುತಲೆಯ ವ್ಯಕ್ತಿಯೊಬ್ಬರು ಹಿಮದ ನಡುವೆ ನಿಂತು ‘ಶ್ಯುಯೆ ಹುವಾ ಪಿಯಾವ್ ಪಿಯಾವ್’ ಎಂದು ಹಾಡುವ ತುಣುಕು ನಮ್ಮ ಬಂಧುಬಳಗದ ವಾಟ್ಸ್ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡಿತ್ತು. ಈಚೆಗೆ ಅದರ ಮೂಲ ಹಾಡನ್ನು ಪೂರ್ತಿ ಕೇಳಿದೆ. ಹಾಡಿದವರು ತೈವಾನಿನ ಫೇ ಯು-ಚಿಂಗ್ ಎಂದು ತಿಳಿಯಿತು. ಅವರು ಟಿ.ವಿ. ನಿರೂಪಕರಾಗಿಯೂ, ಜನರನ್ನು ನಗಿಸುವವರಾಗಿಯೂ ಅಷ್ಟೇ ಹೆಸರಾದವರಂತೆ. ಇಷ್ಟು ಗಂಭೀರವಾಗಿ ಹಾಡುವವರು ಮನರಂಜನೆಯ ಕಾರ್ಯಕ್ರಮ ನಡೆಸಿದ್ದು ಹೇಗೆ? ಬೇಡಿಕೆ ಇರುವಾಗಲೇ ನಿವೃತ್ತರಾದದ್ದು ಏಕೆ? ಕೇಳಬೇಕೆನ್ನುವವರು ಯಾವ ಹಾಡಿನಿಂದ ಆರಂಭಿಸಬೇಕು?

ಉತ್ತರ: ಮೊದಲಿಗೆ ಆ ತುಣುಕಿನ ವಿಚಾರವನ್ನು ಮುಗಿಸಿಬಿಡೋಣ. ಅದರಲ್ಲಿ ಕಾಣುವವರು ಫೇ ಯು-ಚಿಂಗ್ ಅಲ್ಲ. ಅವರು ಚೀನಾದ ನಟ-ನಿರ್ದೇಶಕರೊಬ್ಬರು. 2020ರ ಜನವರಿಯಲ್ಲಿ ಹಿಮ ಬಿದ್ದ ಬಯಲಿನಲ್ಲಿ ನಿಂತು, ಮೊಬೈಲನ್ನು ತಮ್ಮ ಮುಖದತ್ತ ಹಿಡಿದು, ಹಳೆಯ ಹಾಡೊಂದರ ಒಂದೆರಡು ಸಾಲನ್ನು ವಾದ್ಯಗಳ ಹಿಮ್ಮೇಳವಿಲ್ಲದೆ ಹಾಡಿ ಕುವಾಯ್‌ಶೋ ಎಂಬ ಚೀನೀ ಆ್ಯಪಿಗೆ ಹಾಕಿದರು, ಅಷ್ಟೆ. ಆ ಹಾಡು ‘ಯೀ ಜಿಯೆನ್ ಮೇ’. ಫೇ ಯು-ಚಿಂಗ್ ಅದನ್ನು ಧ್ವನಿಮುದ್ರಿಸಿದ್ದು 1983ರಲ್ಲಿ. ಮರುವರ್ಷ ಅದೇ ಹೆಸರಿನ ತೈವಾನಿ ಧಾರಾವಾಹಿಗೆ ಅದು ಶೀರ್ಷಿಕೆ ಗೀತೆಯಾಯಿತು, ಮುಂದೆ ಆ ಧಾರಾವಾಹಿಯ ಜೊತೆಯಲ್ಲೇ ಚೀನಾದ ಮನೆಮನೆಗೂ ಹೋಯಿತು. 2020ರ ಮೇ–ಜೂನ್ ಹೊತ್ತಿಗೆ, ಮ್ಯಾಂಡರಿನ್ ಭಾಷೆಯ ಒಂದಕ್ಷರವೂ ಗೊತ್ತಿಲ್ಲದ ನಾರ್ವೆ, ಸ್ವೀಡನ್‌ಗಳಲ್ಲಿ ಸ್ಪಾಟಿಫೈನ ವೈರಲ್ ಪಟ್ಟಿಯ ತುದಿಗೆ ಈ ಮೂವತ್ತೇಳು ವರ್ಷ ಹಳೆಯ ಹಾಡು ಏರಿ ಕುಳಿತಿತು. ನಮ್ಮಲ್ಲಿ ಅದೇ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದದ್ದರಿಂದ, ಭಾರತದಲ್ಲಿ ಅನೇಕರು ಅದನ್ನು ನಿಮ್ಮಂತೆಯೇ ವಾಟ್ಸ್ಆ್ಯಪ್ಪಿನ ಫಾರ್ವರ್ಡುಗಳಲ್ಲೇ ನೋಡಿದ್ದಿರಬೇಕು. ಇಷ್ಟೆಲ್ಲ ಆಗುವಾಗ ಗಾಯಕರು ವೇದಿಕೆಯಿಂದ ಇಳಿದು ಅರ್ಧ ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು.

ಈ ಪ್ರಸಂಗದಿಂದ ಒಂದು ಅನ್ಯಾಯವೂ ಆಗಿದೆ. ಜಗತ್ತಿನ ಬಹುಪಾಲು ಜನಕ್ಕೆ ಅವರು ಒಂದು ಹಾಡಿನ, ಅದರಲ್ಲೂ ಒಂದು ಸಾಲಿನ ಗಾಯಕ. ತೈವಾನಿನಲ್ಲಾದರೋ ಅವರು ನಾಲ್ಕು ದಶಕಗಳಿಗೂ ಮಿಕ್ಕಿ ಜನರ ನಡುಮನೆಯಲ್ಲಿದ್ದವರು: ಹಾಡುಗಾರ, ನಿರೂಪಕ, ಅನುಕರಣಕಾರ, ಪೋಲಿ ಜೋಕುಗಳ ಭಂಡಾರಿ. ಅಲ್ಲಿನ ಜನ ಅವರನ್ನು ಹೆಸರು ಹಿಡಿದು ಕರೆಯುವುದಕ್ಕಿಂತ ‘ಶಿಯಾವ್ ಗೆ’, ಅಂದರೆ ಚಿಕ್ಕಣ್ಣ, ಎಂದು ಕರೆಯುವುದೇ ಹೆಚ್ಚು. ನೀವು ಕೇಳಿದ ಮೊದಲ ಪ್ರಶ್ನೆಗೆ ನನ್ನ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಅವರ ಗಾಯನ ಬೇರೆ, ನಿರೂಪಣೆ ಬೇರೆ, ಹಾಸ್ಯ ಬೇರೆ ಎಂದು ನನಗೆ ಅನ್ನಿಸುವುದಿಲ್ಲ. ಮೂರಕ್ಕೂ ಬಂಡವಾಳ ಒಂದೇ, ಅದು ಅವರ ಕಿವಿ. ಇನ್ನೊಬ್ಬರ ದನಿಯನ್ನು ಅದರ ಕೊನೆಯ ಎಳೆಯವರೆಗೆ ಕೇಳಿಸಿಕೊಳ್ಳಬಲ್ಲ ಕಿವಿ ಮತ್ತು ಕೇಳಿದ್ದನ್ನು ಮರೆಯದ ನೆನಪು. ಇದು ಹೇಗೆ ಎಂಬುದನ್ನು ತೋರಿಸಲು ಅವರ ಆರಂಭದ ದಿನಗಳಿಗೂ ಆ ಕಾಲದ ತೈವಾನಿನ ಟೆಲಿವಿಷನ್ನಿಗೂ ಹೋಗಬೇಕಾಗುತ್ತದೆ.

ಅವರು ಹುಟ್ಟಿದ್ದು 1955ರ ಜುಲೈ 17ರಂದು. ಮನೆಯಲ್ಲಿಟ್ಟ ಹೆಸರು ಚಾಂಗ್ ಯೆನ್-ಟಿಂಗ್. ಮನೆತನದ ಮೂಲ ಚೀನಾದ ಆನ್ಹುಯಿ ಪ್ರಾಂತ್ಯ. 1949ರಲ್ಲಿ ಅಂತರ್ಯುದ್ಧದಲ್ಲಿ ಸೋತ ರಾಷ್ಟ್ರೀಯವಾದಿ ಸರ್ಕಾರ ತೈವಾನಿಗೆ ಬಂದಾಗ ಅದರೊಡನೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಬಂದರಲ್ಲ, ಆ ವಲಸಿಗ ಸಮುದಾಯಕ್ಕೆ ಸೇರಿದ ಮನೆ ಅದು. ಅಕ್ಕ ಫೇ ಚೆನ್-ಲಿಂಗ್ ಮೊದಲು ಗಾಯಕಿಯಾದರು, ಮುಂದೆ ಬೌದ್ಧ ಸನ್ಯಾಸಿನಿಯಾದರು. ಅಣ್ಣ ಚಾಂಗ್ ಫೇ ಹಾಡುತ್ತ ಹಾಡುತ್ತ ತೈವಾನಿನ ಅತಿ ದೊಡ್ಡ ಮನರಂಜನಾ ನಿರೂಪಕರಲ್ಲಿ ಒಬ್ಬರಾದರು. ಕೊನೆಯ ತಮ್ಮ ತನ್ನ ವೇದಿಕೆಯ ಹೆಸರಿಗೆ ಅಕ್ಕ ಬಳಸುತ್ತಿದ್ದ ‘ಫೇ’ ಎಂಬ ಮನೆತನದ ಹೆಸರನ್ನೇ ತೆಗೆದುಕೊಂಡರು. 1973ರಲ್ಲಿ ಚೈನಾ ಟೆಲಿವಿಷನ್ ವಾಹಿನಿಯ ಗಾಯನ ಸ್ಪರ್ಧೆಯೊಂದರಲ್ಲಿ ಹಾಡಿದ್ದು ಅವರ ವೃತ್ತಿಯ ಆರಂಭ. ಆಮೇಲೆ ಅವರನ್ನು ತಿದ್ದಿದವರು ಆ ಕಾಲದ ಪ್ರಭಾವಿ ಸಂಗೀತ ನಿರ್ದೇಶಕ ಲಿಯು ಚಿಯಾ-ಚಾಂಗ್. ಮೊದಲ ಆಲ್ಬಮ್ ಬಂದದ್ದು 1977ರಲ್ಲಿ.

ಆಗಿನ ತೈವಾನಿನಲ್ಲಿ ಹಾಡುಗಾರನಾಗುವುದೆಂದರೆ ಟೆಲಿವಿಷನ್ನಿನ ಹಾಡುಗಾರನಾಗುವುದೆಂದೇ ಅರ್ಥ. ವಾಹಿನಿಗಳು ಇದ್ದದ್ದು ಮೂರೇ: 1962ರಲ್ಲಿ ಆರಂಭವಾದ ತೈವಾನ್ ಟೆಲಿವಿಷನ್, 1969ರ ಚೈನಾ ಟೆಲಿವಿಷನ್, 1971ರ ಚೈನೀಸ್ ಟೆಲಿವಿಷನ್. ಒಂದು ಪ್ರಾಂತೀಯ ಸರ್ಕಾರದ ಹಿಡಿತದಲ್ಲಿ, ಇನ್ನೊಂದು ಆಳುವ ಪಕ್ಷದ ಹಿಡಿತದಲ್ಲಿ, ಮೂರನೆಯದು ರಕ್ಷಣಾ ಮತ್ತು ಶಿಕ್ಷಣ ಇಲಾಖೆಗಳ ಹಿಡಿತದಲ್ಲಿ. 1949ರಿಂದ 1987ರವರೆಗೆ ಮಿಲಿಟರಿ ಕಾನೂನು ಜಾರಿಯಲ್ಲಿತ್ತು. ಹಾಡುಗಳು ಸೆನ್ಸಾರ್ ಆಗುತ್ತಿದ್ದವು. ಜನಸಂಖ್ಯೆಯ ಬಹುಭಾಗದ ಮನೆಮಾತಾದ ತೈವಾನಿ ಹೊಕ್ಕಿಯೆನ್ ಭಾಷೆಗೆ ಪರದೆಯ ಮೇಲೆ ದಿನಕ್ಕೆ ಇಷ್ಟೇ ಹೊತ್ತು ಎಂಬ ಮಿತಿ ಇತ್ತು. 1976ರ ಪ್ರಸಾರ ಕಾಯ್ದೆ ಆ ಮಿತಿಯನ್ನು ಇನ್ನಷ್ಟು ಬಿಗಿ ಮಾಡಿತು. ಗಂಡಸರು ಉದ್ದ ಕೂದಲು ಬಿಡುವುದನ್ನೂ ಸರ್ಕಾರ ಒಪ್ಪುತ್ತಿರಲಿಲ್ಲ. ಇಂಥ ವಾತಾವರಣದಲ್ಲಿ, ನೀಟಾಗಿ ಬಾಚಿದ ಕ್ರಾಪು, ಗುಂಡಿ ಹಾಕಿದ ಸೂಟು, ನೆಟ್ಟಗೆ ನಿಲ್ಲುವ ಅಭ್ಯಾಸ, ಅಚ್ಚಿನಲ್ಲಿ ಎರಕ ಹೊಯ್ದಂತಹ ಮ್ಯಾಂಡರಿನ್ ಉಚ್ಚಾರಣೆ ಇವೆಲ್ಲ ಕೂಡಿಬಂದ ಹುಡುಗನಿಗೆ ಬಾಗಿಲು ಸಲೀಸಾಗಿ ತೆರೆಯಿತು. ಅವರ ಪ್ರತಿಭೆಯನ್ನು ಕಡಿಮೆ ಮಾಡಲು ನಾನು ಇದನ್ನು ಹೇಳುತ್ತಿಲ್ಲ. ಆದರೆ ಅಷ್ಟೇ ಒಳ್ಳೆಯ ಕಂಠವಿದ್ದೂ ಹೊಕ್ಕಿಯೆನ್ ಭಾಷೆಯಲ್ಲಿ ಹಾಡುತ್ತಿದ್ದವರು ಆ ದಿನಗಳಲ್ಲಿ ಪರದೆಯ ಅಂಚಿನಲ್ಲೇ ಉಳಿಯಬೇಕಾಯಿತು ಎಂಬುದನ್ನು ಮರೆತರೆ ಚಿತ್ರ ಅರ್ಧವಾಗುತ್ತದೆ. 1970ರ ದಶಕದ ಕೊನೆಯಲ್ಲಿ, ಅಮೆರಿಕವು ತೈವಾನಿನೊಡನೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡ ಆಸುಪಾಸಿನಲ್ಲಿ, ಲಿಯು ಚಿಯಾ-ಚಾಂಗ್ ರಚಿಸಿದ ದೇಶಭಕ್ತಿಗೀತೆಯೊಂದು ದ್ವೀಪದ ತುಂಬ ಮೊಳಗಿತು. ಅದನ್ನು ಹಾಡಿದ್ದೂ ಇವರೇ. ಶಾಲೆಯ ಮಕ್ಕಳವರೆಗೆ ಎಲ್ಲರಿಗೂ ಈ ದನಿಯ ಪರಿಚಯವಾದದ್ದರಲ್ಲಿ ಆ ಹಾಡಿನ ಪಾಲು ದೊಡ್ಡದು.

ಇನ್ನು ಆ ದನಿಯ ಬಗ್ಗೆ. ‘ಯೀ ಜಿಯೆನ್ ಮೇ’ಯನ್ನು ಇಯರ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ. ಮೊದಲ ಚರಣಗಳು ಕೆಳಗಿನ ಸ್ವರಗಳಲ್ಲಿ, ಮಾತಾಡುವಷ್ಟೇ ಸಮಾಧಾನದಲ್ಲಿ ನಡೆಯುತ್ತವೆ. ನಂತರ ನಿಮಗೆ ಪರಿಚಯವಿರುವ ಸಾಲು, ಹಿಮದ ಹಳುಕುಗಳು ಹಾರುವ, ಉತ್ತರದ ಗಾಳಿ ಬೀಸುವ ಆ ಸಾಲು, ಮೆಟ್ಟಿಲು ಹತ್ತುವ ಗೊಡವೆಯಿಲ್ಲದೆ ನೇರವಾಗಿ ಮೇಲಿನ ಸ್ವರದಲ್ಲಿ ಎದ್ದು ನಿಲ್ಲುತ್ತದೆ. ಇಂಥ ಕಡೆ ಹೆಚ್ಚಿನ ಗಾಯಕರು ದನಿಗೆ ಬಲ ಹಾಕುತ್ತಾರೆ, ಗಂಟಲು ಬಿಗಿಯುತ್ತದೆ, ಪದ ಮಸುಕಾಗುತ್ತದೆ. ಯು-ಚಿಂಗ್ ಅಲ್ಲಿ ಒತ್ತಡ ಹೆಚ್ಚಿಸುವುದೇ ಇಲ್ಲ. ದನಿ ತೆಳುವಾಗದೆ ಹಗುರವಾಗುತ್ತದೆ. ‘ಪಿಯಾವ್ ಪಿಯಾವ್’ ಎಂಬ ಎರಡು ಅಕ್ಷರಗಳೂ ಬೇರೆಬೇರೆಯಾಗಿ ಬಿಡಿಸಿ ಕೇಳುತ್ತವೆ. ಸಾಲಿನ ಕೊನೆಯ ಸ್ವರವನ್ನು ಸ್ವಲ್ಪ ಹೊತ್ತು ಅಲುಗಾಡದಂತೆ ಹಿಡಿದು, ಆಮೇಲಷ್ಟೇ ಸಣ್ಣ ಕಂಪನಕ್ಕೆ ಬಿಡುತ್ತಾರೆ. ವಿಡಿಯೊ ನೋಡಿದರೆ ಈ ಜಾಗದಲ್ಲಿ ಅವರ ತಲೆ ಒಂದು ಪಕ್ಕಕ್ಕೆ ವಾಲಿ, ಗಲ್ಲ ಮೇಲಾಗಿ, ದೃಷ್ಟಿ ಸಭಾಂಗಣದ ಛಾವಣಿಯ ಕಡೆ ಹೋಗುವುದು ಕಾಣುತ್ತದೆ. ಈ ಭಂಗಿ ತೈವಾನಿನಲ್ಲಿ ಎಷ್ಟು ಪ್ರಸಿದ್ಧವೆಂದರೆ ಅವರನ್ನು ಅನುಕರಿಸುವ ಪ್ರತಿಯೊಬ್ಬ ಹಾಸ್ಯಗಾರನೂ ಮೊದಲು ಕತ್ತು ವಾಲಿಸಿ, ಆಮೇಲೆ ಬಾಯಿ ತೆರೆಯುತ್ತಾನೆ.

ಅವರ ಇನ್ನೊಂದು ಹಾಡು ಇದಕ್ಕಿಂತ ಆಳವಾಗಿ ತೈವಾನಿನ ದಿನಚರಿಯಲ್ಲಿ ಬೇರುಬಿಟ್ಟಿದೆ. 1979ರಲ್ಲಿ ಆರಂಭವಾದ, ಚಾಂಗ್ ಶಿಯಾವ್-ಯೆನ್ ಎಂಬ ಹೆಸರಾಂತ ನಿರೂಪಕಿ ನಡೆಸುತ್ತಿದ್ದ ‘ಝೋಂಗ್ ಯೀ 100’ ಎಂಬ ವಾರದ ಮನರಂಜನಾ ಕಾರ್ಯಕ್ರಮದ ಮುಕ್ತಾಯಕ್ಕೆ ಇವರ ‘ವಾನ್ ಆನ್ ಛ್ಯೂ’, ಅಂದರೆ ಶುಭರಾತ್ರಿಯ ಹಾಡು, ಕೇಳಿಬರುತ್ತಿತ್ತು. ಕಾರ್ಯಕ್ರಮ 1984ರ ಹೊತ್ತಿಗೆ ಮುಗಿಯಿತು, ಹಾಡು ಮುಗಿಯಲಿಲ್ಲ. ದೊಡ್ಡ ಅಂಗಡಿಗಳು, ಗ್ರಂಥಾಲಯಗಳು ಬಾಗಿಲು ಹಾಕುವ ಹೊತ್ತಿನಲ್ಲಿ ಅದನ್ನು ಧ್ವನಿವರ್ಧಕದಲ್ಲಿ ಹಾಕುವುದು ರೂಢಿಯಾಯಿತು. ‘ಸಮಯವಾಯಿತು, ಹೊರಡಿ’ ಎಂದು ಯಾರೂ ಹೇಳಬೇಕಾಗಿಲ್ಲ. ಮೊದಲ ಸಾಲು ಕೇಳುತ್ತಿದ್ದಂತೆ ಓದುತ್ತಿದ್ದವರು ಪುಸ್ತಕ ಮುಚ್ಚುತ್ತಾರೆ, ಕೊಳ್ಳುತ್ತಿದ್ದವರು ಬಿಲ್ಲಿನ ಸಾಲಿಗೆ ಸೇರುತ್ತಾರೆ. ಒಬ್ಬ ಗಾಯಕನ ದನಿ ಊರಿನ ಗಡಿಯಾರದಂತಾಗುವ ಭಾಗ್ಯ ಎಲ್ಲರಿಗೂ ಸಿಗುವಂಥದ್ದಲ್ಲ.

ಈಗ ನಿರೂಪಣೆಯ ವಿಚಾರ. ನಮಗೆ ಇಂದು ಗಾಯಕ, ನಿರೂಪಕ, ಹಾಸ್ಯನಟ ಮೂರು ಬೇರೆ ವೃತ್ತಿಗಳಾಗಿ ಕಾಣುತ್ತವೆ. ತೈವಾನಿನ ಟೆಲಿವಿಷನ್ ಬೆಳೆದ ಬಗೆ ಹಾಗಿರಲಿಲ್ಲ. 1962ರಿಂದ ಹದಿನೈದು ವರ್ಷ ನಡೆದ ‘ಛ್ಯುನ್ ಶಿಂಗ್ ಹುಯ್’ ಬರೀ ಹಾಡಿನ ಕಾರ್ಯಕ್ರಮವಾಗಿತ್ತು. ಅದರ ನಂತರದ ತಲೆಮಾರಿನ ಕಾರ್ಯಕ್ರಮಗಳು ಹಾಡು, ಕಿರುನಾಟಕ, ಹರಟೆ, ಆಟ ಎಲ್ಲವನ್ನೂ ಒಂದೇ ಸಂಜೆಗೆ ತುರುಕಿದವು. ಹಾಡಲು ಬಂದವನು ಎರಡು ಹಾಡು ಹಾಡಿ ನಮಸ್ಕಾರ ಹೇಳಿ ಹೋಗುವಂತಿರಲಿಲ್ಲ. ಕಿರುನಾಟಕದಲ್ಲಿ ವೇಷ ಹಾಕಬೇಕು, ಪ್ರಶ್ನೆಗೆ ತಮಾಷೆಯಾಗಿ ಉತ್ತರಿಸಬೇಕು. ಇದಕ್ಕೆ ಸರಿಯಾಗಿ, 1970ರ ದಶಕದ ಕೊನೆಯಿಂದ 80ರ ದಶಕದುದ್ದಕ್ಕೂ ದೊಡ್ಡ ಊರುಗಳಲ್ಲಿ ಊಟದ ಹೋಟೆಲುಗಳ ವೇದಿಕೆಯ ಪ್ರದರ್ಶನಗಳು ಭರ್ಜರಿಯಾಗಿ ನಡೆಯುತ್ತಿದ್ದವು. ಗಾಯಕರಿಗೆ ಕ್ಯಾಸೆಟ್ಟಿನ ಹಣಕ್ಕಿಂತ ಅಲ್ಲಿನ ಸಂಭಾವನೆ ಮುಖ್ಯವಾಗಿತ್ತು. ಆದರೆ ಅಲ್ಲಿ ಕೂತವರು ಹಾಡು ಕೇಳಲೆಂದೇ ಬಂದವರಲ್ಲ. ಊಟ ಮಾಡುತ್ತ, ಕುಡಿಯುತ್ತ, ತಮ್ಮತಮ್ಮಲ್ಲಿ ಮಾತಾಡುತ್ತ ಕೂತವರು. ಅವರ ತಲೆ ಎತ್ತಿಸಬೇಕಾದರೆ ಹಾಡುಹಾಡಿನ ನಡುವೆ ಮಾತು ಬೇಕು, ಆ ಮಾತಿಗೆ ಸ್ವಲ್ಪ ಖಾರವೂ ಬೇಕು. ಯು-ಚಿಂಗ್ ಅವರ ಪೋಲಿ ಜೋಕುಗಳು ಬೆಳೆದ ಹವೆ ಇದೇ ಎಂದು ನನ್ನ ಅಭಿಪ್ರಾಯ.

ಅವರ ಜೋಕಿನ ಗುಟ್ಟು ವಿಷಯದಲ್ಲಿಲ್ಲ. ವಿಷಯ ಎಲ್ಲ ಊರಿನ ಪಡ್ಡೆ ಹುಡುಗರೂ ಹೇಳುವಂಥದ್ದೇ. ಗುಟ್ಟು ಇರುವುದು ಹೇಳುವಾಗಿನ ನಿಲುವಿನಲ್ಲಿ. ಈಗಷ್ಟೇ ವಿರಹದ ಹಾಡು ಮುಗಿಸಿದ, ಸೂಟಿನ ಗುಂಡಿಯೊಂದೂ ಬಿಚ್ಚದ, ಸಂಭಾವಿತ ಮೇಷ್ಟ್ರಂತಹ ಮನುಷ್ಯ, ಹಾಡಿನ ಪದಗಳನ್ನು ಉಚ್ಚರಿಸಿದಷ್ಟೇ ಶುದ್ಧವಾಗಿ, ಅಷ್ಟೇ ಮೆಲುದನಿಯಲ್ಲಿ, ಯಾವ ಕೈಸನ್ನೆಯೂ ಇಲ್ಲದೆ ಕಥೆಯೊಂದನ್ನು ಶುರುಮಾಡುತ್ತಾರೆ. ಸಭೆಗೆ ಅದು ಎತ್ತ ಹೋಗುತ್ತಿದೆ ಎಂಬ ಅನುಮಾನ ಬರುವ ಹೊತ್ತಿಗೆ ಕಥೆ ಮುಗಿದಿರುತ್ತದೆ. ಕೊನೆಗೆ ಅವರಿಗೇ ನಗು ತಡೆಯಲಾಗದೆ ಕಿಸಕ್ಕೆನ್ನುವುದೂ ಉಂಟು. ಮುಂದಿನ ಕ್ಷಣ ವಾದ್ಯವೃಂದ ಇನ್ನೊಂದು ದುಃಖದ ಹಾಡನ್ನು ಎತ್ತಿಕೊಳ್ಳುತ್ತದೆ, ಅವರ ಕತ್ತು ಮತ್ತೆ ವಾಲುತ್ತದೆ. ಹಾಡುವಾಗ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ತಡೆಯಬೇಕು ಎಂಬ ಲೆಕ್ಕವನ್ನೇ ಅವರು ಜೋಕಿಗೂ ಹಾಕುತ್ತಿದ್ದರು. ಆ ಜೋಕುಗಳಲ್ಲಿ ಕೆಲವು ಇಂದು ಕೇಳಿದರೆ ಹಳಸಲು ಎನ್ನಿಸುತ್ತವೆ, ಹೆಂಗಸರ ಬಗೆಗಿನವಂತೂ ಮುಜುಗರ ತರುತ್ತವೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

1990ರ ದಶಕದಲ್ಲಿ ಅಣ್ಣ ಚಾಂಗ್ ಫೇ ಜೊತೆಗೂಡಿ ಅವರು ನಡೆಸಿದ ‘ಲುಂಗ್ ಶ್ಯುಂಗ್ ಹೂ ದೀ’ ಕಾರ್ಯಕ್ರಮ ಅವರನ್ನು ನಿರೂಪಕರಾಗಿ ಪೂರ್ಣವಾಗಿ ಸ್ಥಾಪಿಸಿತು. ಅಣ್ಣ ಡ್ರ್ಯಾಗನ್, ತಮ್ಮ ಹುಲಿ ಎಂಬುದು ಹೆಸರಿನ ಧಾಟಿ. ಅಣ್ಣ ಎಂದರೆ ಗುಂಗುರು ಕೂದಲು, ಕಪ್ಪು ಕನ್ನಡಕ, ಕೈಗೆ ಸಿಕ್ಕಿದರೆ ಸ್ಯಾಕ್ಸೊಫೋನು, ಬಾಯಿಗೆ ಬಂದ ಮಾತು. ತಮ್ಮ ಎಂದರೆ ಅದರ ತದ್ವಿರುದ್ಧ. ಅತಿಥಿಯನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಹರಟುವಾಗ ಅಣ್ಣ ಕಾಲೆಳೆಯುತ್ತಾರೆ, ತಮ್ಮ ಸಮಾಧಾನ ಮಾಡುವವರಂತೆ ಮಾತು ತೆಗೆದು ಇನ್ನೂ ತುಂಟತನದ ಪ್ರಶ್ನೆ ಕೇಳಿಬಿಡುತ್ತಾರೆ. ಮೇಲುನೋಟಕ್ಕೆ ಅಣ್ಣನೇ ಕಾರ್ಯಕ್ರಮವನ್ನು ಎಳೆದುಕೊಂಡು ಹೋದಂತೆ ಕಾಣುತ್ತದೆ. ಆದರೆ ಗಮನಿಸಿ ನೋಡಿದರೆ, ಅತಿಥಿ ಮಾತು ಮುಗಿಸುವವರೆಗೆ ಸುಮ್ಮನಿರುವವರು ತಮ್ಮ. ಅತಿಥಿ ಯಾವ ಪದದ ಮೇಲೆ ತಡವರಿಸಿದರು ಎಂಬುದನ್ನು ಹಿಡಿದಿಟ್ಟುಕೊಂಡು, ಐದು ನಿಮಿಷದ ನಂತರ ಅದೇ ಪದವನ್ನು ಅವರದೇ ದನಿಯಲ್ಲಿ ಹೇಳಿ ನಗಿಸುವವರೂ ಅವರೇ. ನಿರೂಪಕನಿಗೆ ಬಾಯಿ ಮುಖ್ಯ ಎಂದು ನಾವು ತಿಳಿದಿರುತ್ತೇವೆ. ಇವರ ವಿಷಯದಲ್ಲಿ ಅದು ನಿಜವಲ್ಲ.

ಅನುಕರಣೆಯಂತೂ ಅವರ ಕಿವಿಯ ನೇರ ಸಾಕ್ಷಿ. 1930–40ರ ದಶಕದ ಶಾಂಘೈನ ಗಾಯಕಿಯರಿಂದ ಹಿಡಿದು 1960–70ರ ದಶಕದ ತೈವಾನಿನ ಗಾಯಕ-ಗಾಯಕಿಯರವರೆಗೆ ಹಲವರನ್ನು ಒಂದೇ ಉಸಿರಿನಲ್ಲೆಂಬಂತೆ, ಒಬ್ಬರಾದ ಮೇಲೆ ಒಬ್ಬರಂತೆ ಹಾಡಿ ತೋರಿಸುತ್ತಿದ್ದರು. ಮಿಮಿಕ್ರಿ ಮಾಡುವವರು ಸಾಮಾನ್ಯವಾಗಿ ದನಿಯ ಬಣ್ಣವನ್ನು ಹಿಡಿಯುತ್ತಾರೆ. ಯು-ಚಿಂಗ್ ಹಿಡಿಯುತ್ತಿದ್ದದ್ದು ಬಾಯಿಯ ಆಕಾರವನ್ನು: ಒಬ್ಬಾಕೆ ತುಟಿಯನ್ನು ಎಷ್ಟು ತೆರೆಯುತ್ತಿದ್ದರು, ಇನ್ನೊಬ್ಬರು ಸಾಲಿನ ಕೊನೆಯಲ್ಲಿ ಸ್ವರವನ್ನು ಮೂಗಿಗೆ ಹೇಗೆ ತಳ್ಳುತ್ತಿದ್ದರು, ಮತ್ತೊಬ್ಬರು ಪದ ಶುರುವಾಗುವ ಮುನ್ನ ಎಷ್ಟು ತಡೆಯುತ್ತಿದ್ದರು ಎಂಬುದನ್ನು. ಸಭೆ ಮೊದಲು ನಗುತ್ತದೆ, ಕೆಲವು ಸಾಲು ಕಳೆದ ಮೇಲೆ ನಗು ನಿಂತು ಕೇಳತೊಡಗುತ್ತದೆ, ಏಕೆಂದರೆ ಅಷ್ಟರಲ್ಲಿ ಅಣಕ ಹೋಗಿ ನಿಜವಾದ ಹಾಡು ಉಳಿದಿರುತ್ತದೆ.

ಈ ಹಳೆಯ ಹಾಡುಗಳ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಯು-ಚಿಂಗ್ ಅವರ ಧ್ವನಿಮುದ್ರಿಕೆಗಳಲ್ಲಿ ದೊಡ್ಡ ಪಾಲು ಬೇರೆಯವರು ಮೊದಲೇ ಹಾಡಿದ್ದ ಹಾಡುಗಳದು. ಚೌ ಶ್ಯುವಾನ್, ಬಾಯ್ ಗುವಾಂಗ್ ಮುಂತಾದ ಶಾಂಘೈ ತಾರೆಯರ ಕಾಲದ ಹಾಡುಗಳು 1949ರ ನಂತರ ಚೀನಾದಲ್ಲಿ ‘ಅಶ್ಲೀಲ’ವೆಂದು ಮೂಲೆಗುಂಪಾದವು, ಅವು ಉಳಿದುಕೊಂಡದ್ದು ಹಾಂಗ್‌ಕಾಂಗ್, ತೈವಾನ್, ಸಿಂಗಪುರ, ಮಲೇಷ್ಯಾಗಳಲ್ಲಿ. ಊರು ಬಿಟ್ಟು ಬಂದು, ಮತ್ತೆ ಅಲ್ಲಿಗೆ ಹೋಗುವ ದಾರಿಯೇ ಇಲ್ಲದ ತೈವಾನಿನ ವಲಸಿಗರಿಗೆ ಅವು ಬರೀ ಮನರಂಜನೆಯಾಗಿರಲಿಲ್ಲ. ಆ ಪೀಳಿಗೆಯ ಮನೆಯಲ್ಲೇ ಹುಟ್ಟಿದ ಯು-ಚಿಂಗ್ ಅವನ್ನು ಹೊಸ ವಾದ್ಯಸಂಯೋಜನೆಯಲ್ಲಿ, ಸ್ಪಷ್ಟವಾದ ಮುದ್ರಣದಲ್ಲಿ ಮತ್ತೆ ಹಾಡಿದರು. 1980ರ ದಶಕದಲ್ಲಿ ಅವರು ಹಾಡಿದ, ಒಂಟೆಗಳ ಗಂಟೆಯ ಸದ್ದಿನಲ್ಲಿ ತಾಯ್ನೆಲವನ್ನು ನೆನೆಯುವ ‘ಮಂಗ್ ತುವೊ ಲಿಂಗ್’ ಹೊಸ ಹಾಡಾದರೂ ಇದೇ ಭಾವದ್ದು. ಚೀನಾದ ಬಾಗಿಲು ತೆರೆದ ಮೇಲೆ ಈ ಹಾಡುಗಳು ಅವರ ದನಿಯಲ್ಲೇ ಅಲ್ಲಿಗೆ ಮರಳಿದವು. ಎಲ್ಲವೂ ಒಂದೇ ಮಟ್ಟದ್ದಲ್ಲ. ಅವರ ನಂತರದ ವರ್ಷಗಳ ಮರುಹಾಡುಗಳಲ್ಲಿ ನುಣುಪು ಅತಿಯಾದ ಕಡೆ ಮೂಲ ಹಾಡಿನ ಒರಟು ನೋವು ಕಾಣೆಯಾಗುತ್ತದೆ. ಬಾಯ್ ಗುವಾಂಗ್ ಅವರ ಗೊಗ್ಗರು, ಸೋಮಾರಿ ದನಿಗೆ ಹೇಳಿ ಮಾಡಿಸಿದ ಹಾಡನ್ನು ಇಷ್ಟು ಮಡಿಯಾಗಿ ಹಾಡಿದರೆ ಅದು ಶುಚಿಯಾಗುತ್ತದೆಯೇ ಹೊರತು ಬೆಚ್ಚಗಾಗುವುದಿಲ್ಲ.

ಪ್ರಶಸ್ತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಟೆಲಿವಿಷನ್ ಸಾಧನೆಗಾಗಿ ಕೊಡುವ ಗೋಲ್ಡನ್ ಬೆಲ್ ಪ್ರಶಸ್ತಿಯಲ್ಲಿ ಆಗ ಗಾಯಕರಿಗೂ ವಿಭಾಗವಿತ್ತು. 1984ರಲ್ಲಿ ಅತ್ಯುತ್ತಮ ಗಾಯಕರಾಗಿ ಅದನ್ನು ಪಡೆದರು. 1996ರಲ್ಲಿ ಗೋಲ್ಡನ್ ಮೆಲೊಡಿ ಪ್ರಶಸ್ತಿಯ ಅತ್ಯುತ್ತಮ ಮ್ಯಾಂಡರಿನ್ ಗಾಯಕ ಗೌರವ ಬಂತು. ಮುಂದೆ ಅವರದೇ ಹೆಸರಿನ ಸಂಗೀತ ಕಾರ್ಯಕ್ರಮವನ್ನೂ ನಡೆಸಿದರು; ಅದರಲ್ಲಿ ಅತಿಥಿ ಗಾಯಕರೊಡನೆ ಕೂಡಿ ಹಾಡುವುದೇ ಪ್ರಧಾನ, ಹರಟೆ ಅದಕ್ಕೆ ಪೂರಕ.

ಹೊಸ ತಲೆಮಾರಿಗೆ ಅವರನ್ನು ಮರುಪರಿಚಯಿಸಿದ್ದು 2006ರ ‘ಛ್ಯೆನ್ ಲೀ ಝೀ ವಾಯ್’. 1979ರಲ್ಲಿ ಹುಟ್ಟಿದ ಜೇ ಚೌ ಆಗ ಚೀನೀ ಪಾಪ್ ಜಗತ್ತಿನ ದೊರೆ. ಪದಗಳನ್ನು ಗೊಣಗಿದಂತೆ, ಒಂದರೊಳಗೊಂದು ಸೇರಿಸಿ ಹಾಡುವುದು ಅವರ ಶೈಲಿ. ಅವರು ಏನು ಹಾಡಿದರೆಂಬುದು ಅರ್ಥವಾಗಲಿಲ್ಲ ಎಂಬುದು ತೈವಾನಿನ ಅಪ್ಪ-ಅಮ್ಮಂದಿರ ಕಾಯಂ ದೂರು. ವಿನ್ಸೆಂಟ್ ಫಾಂಗ್ ಬರೆದ, ಜೇ ಚೌ ಸ್ವರ ಹಾಕಿದ ಈ ಹಾಡಿನಲ್ಲಿ ಚರಣಗಳನ್ನು ಕಿರಿಯರು ತಮ್ಮ ಧಾಟಿಯಲ್ಲೇ ಹಾಡುತ್ತಾರೆ, ಪಲ್ಲವಿಗೆ ಬಂದಾಗ ಐವತ್ತೊಂದು ವರ್ಷದ ಹಿರಿಯರ ದನಿ ಮೇಲೆದ್ದು ಒಂದೊಂದು ಪದವನ್ನೂ ತೊಳೆದಿಟ್ಟಂತೆ ಹೇಳುತ್ತದೆ. ಇಲ್ಲಿ ಮತ್ತೆ ಅವರ ಕಿವಿಯನ್ನು ಮೆಚ್ಚಬೇಕು. ಜೊತೆಗಾರನನ್ನು ಮೀರಿಸುವ ಅವಕಾಶ ಪ್ರತಿ ಸಾಲಿನಲ್ಲೂ ಇತ್ತು. ಅವರು ಅದನ್ನು ಬಳಸಿಕೊಳ್ಳಲಿಲ್ಲ, ಸ್ವರವನ್ನು ಎಂದಿನಷ್ಟು ದೀರ್ಘವಾಗಿ ಎಳೆಯಲಿಲ್ಲ. ಅಪ್ಪ-ಅಮ್ಮ ಮತ್ತು ಮಕ್ಕಳು ಒಟ್ಟಿಗೆ ಗುನುಗಿದ ಹಾಡುಗಳು ಆ ದಶಕದಲ್ಲಿ ಹೆಚ್ಚೇನೂ ಇರಲಿಲ್ಲ, ಇದು ಅಂಥದ್ದೊಂದು.

ನಿವೃತ್ತಿಯ ಕಾರಣವನ್ನು ಊಹಿಸುವ ಅಗತ್ಯವಿಲ್ಲ, ಏಕೆಂದರೆ ಅವರೇ ಬರೆದಿದ್ದಾರೆ. 2018ರ ಸೆಪ್ಟೆಂಬರ್ 27ರಂದು ಅವರು ಕೈಬರಹದ ಪತ್ರವೊಂದನ್ನು ಬಿಡುಗಡೆ ಮಾಡಿದರು. ಪತ್ರಿಕಾಗೋಷ್ಠಿಯಿಲ್ಲ, ಟಿ.ವಿ. ಸಂದರ್ಶನವಿಲ್ಲ. ಪತ್ರದಲ್ಲಿ ಅವರು ಹೇಳಿದ್ದು ಹೀಗೆ: ಪ್ರತಿದಿನವೂ ಕೆಲಸದಲ್ಲೋ ಮುಂದಿನ ಪ್ರದರ್ಶನದ ಯೋಚನೆಯಲ್ಲೋ ಕಳೆದುಹೋಗಿ ಎಷ್ಟೋ ಸಂಜೆಗಳ ಸೂರ್ಯಾಸ್ತವನ್ನು ನೋಡದೆಯೇ ಬಿಟ್ಟೆ. ತಂದೆತಾಯಿ ಇಬ್ಬರೂ ತೀರಿಕೊಂಡ ಮೇಲೆ ನನ್ನ ನೆಲೆಯೇ ತಪ್ಪಿದಂತಾಯಿತು. ನೋಡಿ ಸಂತೋಷಪಡಲು ಅವರಿಲ್ಲದ ಮೇಲೆ ಬೆಳಕಿನ ವೇದಿಕೆ ನನ್ನನ್ನು ಇನ್ನಷ್ಟು ಒಂಟಿ ಮಾಡುತ್ತದೆ. ಇನ್ನು ಗಿಡ ಬೆಳೆಸಿಕೊಂಡು, ಮನೆಗೆಲಸ ಮಾಡಿಕೊಂಡು ನೆಮ್ಮದಿಯಿಂದಿರಬೇಕು ಎಂಬುದು ಅದರ ಸಾರಾಂಶ. ಮದುವೆಯಾಗದೆ ಉಳಿದ, ಹೆತ್ತವರನ್ನೇ ಕೇಂದ್ರವಾಗಿಸಿಕೊಂಡು ಬದುಕಿದ ಮನುಷ್ಯ ಅವರೆಂಬುದನ್ನು ನೆನೆದರೆ ಈ ಮಾತುಗಳಲ್ಲಿ ನಾಟಕ ಕಾಣುವುದಿಲ್ಲ. ಮನರಂಜನಾ ಲೋಕದ ವಿದಾಯಗಳಲ್ಲಿ ಬಹುಪಾಲು ಎರಡು ವರ್ಷದಲ್ಲಿ ‘ಅಭಿಮಾನಿಗಳ ಒತ್ತಾಯಕ್ಕೆ ಮಣಿದು’ ಮುರಿದುಬೀಳುವುದನ್ನು ನೋಡಿದವರು ಇದನ್ನೂ ಹಾಗೆಯೇ ಎಂದುಕೊಂಡರು. ಅವರು ವಿದಾಯದ ಕಛೇರಿಗಳ ಸರಣಿಯನ್ನು ಮುಗಿಸಿ, 2019ರ ನವೆಂಬರ್ 7ರಂದು ತೈಪೇ ಅರೀನಾದಲ್ಲಿ ಕೊನೆಯ ಬಾರಿಗೆ ಹಾಡಿ ಇಳಿದರು. ಆಗ ಅವರಿಗೆ 64 ವರ್ಷ, ವೃತ್ತಿಗೆ 46.

ಕಂಠ ಕೆಟ್ಟದ್ದರಿಂದ ನಿಲ್ಲಿಸಿದರೇ ಎಂಬ ಅನುಮಾನ ನಿಮಗಿದ್ದರೆ, ಕೊನೆಯ ವರ್ಷಗಳ ಕಛೇರಿಗಳ ವಿಡಿಯೊಗಳನ್ನು ನೋಡಿ ನೀವೇ ತೀರ್ಮಾನಿಸಬಹುದು. ಮೇಲಿನ ಸ್ವರಗಳಲ್ಲಿ ಮೊದಲಿನ ಹಗುರತನ ಸ್ವಲ್ಪ ಕಡಿಮೆಯಾಗಿದೆ, ಉಚ್ಚಾರಣೆ ಮಾತ್ರ ಕೂದಲೆಳೆಯಷ್ಟೂ ಸಡಿಲಿಲ್ಲ. ಇದಾದ ಕೆಲವೇ ತಿಂಗಳಲ್ಲಿ ಹಿಮದ ತುಣುಕು ಜಗತ್ತನ್ನು ಸುತ್ತಿತು. ಬೇರೆ ಯಾರಾದರೂ ಆಗಿದ್ದರೆ ಆ ಅಲೆಯ ಮೇಲೆ ಒಂದು ವಿಶ್ವಪ್ರವಾಸವನ್ನೇ ಹೊರಡಿಸುತ್ತಿದ್ದರು. ಅವರು ಹೊರಗೆ ಬರಲಿಲ್ಲ.

ಕೇಳುವ ಕ್ರಮದ ಬಗ್ಗೆ ನನ್ನ ಸಲಹೆ ಇಷ್ಟು. ‘ಯೀ ಜಿಯೆನ್ ಮೇ’ಯನ್ನು ನೀವು ಆಗಲೇ ಕೇಳಿದ್ದೀರಿ, ಮುಂದೆ ‘ವಾನ್ ಆನ್ ಛ್ಯೂ’ ಕೇಳಿ, ಏಕೆಂದರೆ ಅದು ಚಿಕ್ಕದು ಮತ್ತು ಭಾಷೆ ಬಾರದವರಿಗೂ ಸಲೀಸಾಗಿ ಒಗ್ಗುತ್ತದೆ. ಆಮೇಲೆ ‘ಮಂಗ್ ತುವೊ ಲಿಂಗ್’. ‘ಛ್ಯೆನ್ ಲೀ ಝೀ ವಾಯ್’ ಅನ್ನು ಧ್ವನಿಮುದ್ರಿಕೆಯಲ್ಲೇ ಕೇಳುವುದು ಒಳ್ಳೆಯದು. ಎರಡು ದನಿಗಳ ಅಂತರ ಅಲ್ಲಿ ಚೊಕ್ಕವಾಗಿ ತಿಳಿಯುತ್ತದೆ. ಶಾಂಘೈ ಕಾಲದ ಹಾಡುಗಳಿಗೆ ಬಂದಾಗ ಮಾತ್ರ ಮೊದಲು ಚೌ ಶ್ಯುವಾನ್ ಅಥವಾ ಬಾಯ್ ಗುವಾಂಗ್ ಹಾಡಿದ ಮೂಲವನ್ನು ಕೇಳಿ, ನಂತರ ಯು-ಚಿಂಗ್ ಅವರದನ್ನು ಕೇಳಿ. ಇಲ್ಲವಾದರೆ ಅವರು ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂಬುದು ಗೊತ್ತಾಗುವುದಿಲ್ಲ. ‘ಲುಂಗ್ ಶ್ಯುಂಗ್ ಹೂ ದೀ’ಯ ತುಣುಕುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅವುಗಳಲ್ಲಿ ಹರಟೆಯ ಭಾಗ ಭಾಷೆ ಬಾರದೆ ದಕ್ಕುವುದು ಕಷ್ಟ, ಆದರೆ ಅನುಕರಣೆಯ ಭಾಗಕ್ಕೆ ಭಾಷೆ ಬೇಕಾಗಿಲ್ಲ. ಮೂಲ ಗಾಯಕಿಯ ಹಾಡನ್ನು ಆಗಲೇ ಕೇಳಿರುವವರಿಗೆ ಯಾರನ್ನು ಹಿಡಿದು ತೋರಿಸುತ್ತಿದ್ದಾರೆಂಬುದು ಮೊದಲ ಸಾಲಿಗೇ ತಿಳಿದುಬಿಡುತ್ತದೆ.